ಲೂಟಿಗೂ ಬಹುಮಾನಕ್ಕೂ ನಡುವೆ

ಕಸಿದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟೊಂದು ಪದಗಳು! 'ರಾಬ್' ಮತ್ತು ನಿಲುವಂಗಿ ಎಂಬರ್ಥದ 'ರೋಬ್' ಒಂದೇ ಬೇರಿನವು. ಸೋತವನ ಮೈಯಿಂದ ಕಿತ್ತ ಬಟ್ಟೆಯೇ ಆ ಅಂಗಿ. ನಮ್ಮ 'ಸುಲಿಗೆ'ಯಲ್ಲೂ ಸಿಪ್ಪೆ ಸುಲಿಯುವ ಕೈ ಕಾಣುತ್ತದೆ. 'ಪ್ಲಂಡರ್' 17ನೇ ಶತಮಾನದ ಯುದ್ಧಕಾಲದಲ್ಲಿ ಜರ್ಮನ್ನಿನಿಂದ ಬಂತು; ಅದರ ಮೂಲದಲ್ಲಿರುವುದು ಮನೆಯ ಬಟ್ಟೆಬರೆ, ಸಾಮಾನು. 'ಲೂಟ್' ಹಿಂದಿಯಿಂದ ಹೋದದ್ದು.

ಇವೆಲ್ಲ ತಪ್ಪನ್ನು ತಪ್ಪೆಂದೇ ಹೇಳುವ ಪದಗಳು. ನನ್ನನ್ನು ಕಾಡುವುದು 'ಪ್ರೈಜ್'. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ರಾತ್ರಿ ಸಿಪಾಯಿಗಳು ಮನೆಗಳನ್ನು ದೋಚಿದರು. ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಛಡಿಯೇಟು ಕೊಡಿಸಿ ಅದನ್ನು ನಿಲ್ಲಿಸಿದ. ಅದೇ ಊರಿನ ಅರಮನೆಯ ಸಂಪತ್ತನ್ನು ಮಾತ್ರ ಸಮಿತಿಯೊಂದು ಲೆಕ್ಕ ಹಾಕಿ, ದರ್ಜೆಗೆ ತಕ್ಕಂತೆ ಸೈನ್ಯಕ್ಕೆ ಹಂಚಿತು. ಅದು 'ಪ್ರೈಜ್ ಮನಿ'. ಆ ಪದದ ಮೂಲಾರ್ಥ 'ಹಿಡಿದುಕೊಂಡದ್ದು'. ಕಿವಿಗೆ ಕೇಳುವುದು 'ಬಹುಮಾನ'. ಟಿಪ್ಪುವಿನ ಮರದ ಹುಲಿ ಇಂದಿಗೂ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ.

ಹಾಗಾದರೆ ಲೂಟಿಗೂ ಬಹುಮಾನಕ್ಕೂ ವ್ಯತ್ಯಾಸ ಬರೀ ರಸೀದಿಯೇ?

ಇದು ಹಳೆಯ ಪ್ರಶ್ನೆಯಲ್ಲ. ದೇವದುರ್ಗದ ಬದಿಯ ಕೃಷ್ಣೆಯಿಂದ, ಮಾನ್ವಿಯ ಬದಿಯ ತುಂಗಭದ್ರೆಯಿಂದ ಕದ್ದು ಸಾಗಿಸುವ ಮರಳಿಗೆ ನಮ್ಮ ಪತ್ರಿಕೆಗಳು ಬಳಸುವ ಪದ 'ಅಕ್ರಮ ಸಾಗಣೆ'. ಕಾಗದವೊಂದು ತಪ್ಪಿಹೋಯಿತು ಎಂಬಷ್ಟು ಮೆತ್ತಗಿನ ಮಾತು. ಅನುಮತಿಯಿಲ್ಲದೆ ನದಿಯ ಮರಳು ಒಯ್ಯುವುದು ಗಣಿ ಕಾಯ್ದೆಯ ಉಲ್ಲಂಘನೆಯಷ್ಟೇ ಅಲ್ಲ, ಕಳ್ಳತನವೂ ಆಗಬಲ್ಲದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ನಮ್ಮ ಭಾಷೆ ಮಾತ್ರ ಇನ್ನೂ ಹಿಂಜರಿಯುತ್ತಿದೆ.

ಪರ್ಮಿಟ್ ಇದ್ದರೆ ಸಾಕಲ್ಲ, ಊರಿಗೆ ಮನೆ ಕಟ್ಟಲು ಮರಳು ಬೇಡವೇ ಎಂದು ಕೇಳಬಹುದು. ಬೇಕು. ಅನುಮತಿಗೆ ಬೆಲೆಯಿಲ್ಲ ಎಂದೂ ನಾನು ಹೇಳುತ್ತಿಲ್ಲ. ಅದು ಲೆಕ್ಕ ಕೇಳಲು ದಾರಿ ಮಾಡಿಕೊಡುತ್ತದೆ. ಆದರೆ ಶ್ರೀರಂಗಪಟ್ಟಣದ ಸಮಿತಿಯ ಬಳಿಯೂ ಅನುಮತಿಯಿತ್ತು, ಅದನ್ನು ಕೊಟ್ಟವರು ಗೆದ್ದವರೇ. ಆದ್ದರಿಂದ ಅನುಮತಿ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಕಳೆದುಕೊಳ್ಳುವವರನ್ನು ಯಾರಾದರೂ ಕೇಳಿದರೇ? ಮರಳು ಹೋದ ಮೇಲೆ ಬತ್ತುವ ಬಾವಿಯ ರೈತನಿಗೆ, ಹೊಂಡಬಿದ್ದ ಹೊಳೆಗೆ ಇಳಿಯುವ ದನಗಾಹಿ ಹುಡುಗನಿಗೆ ಆ ನಿರ್ಧಾರದಲ್ಲಿ ಒಂದು ಮಾತಾದರೂ ಇತ್ತೇ?

ಇಲ್ಲವೆಂದಾದರೆ ರಸೀದಿ ಎಷ್ಟೇ ಚೊಕ್ಕವಾಗಿರಲಿ, ಅದಕ್ಕೆ ಹೊಸ ಹೆಸರು ಹುಡುಕಬೇಕಿಲ್ಲ. ಸುಲಿಗೆ ಎಂಬ ಪದ ನಮ್ಮಲ್ಲಿ ಮೊದಲಿನಿಂದಲೂ ಇದೆ.