ಸ್ವಪ್ರಯತ್ನವೂ ಶ್ರೀಹರಿಯ ಭರವಸೆಯೂ

ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ದುಡಿದೆವು, ಮೇಲೆ ಬಂದೆವು. ಕೈಕಟ್ಟಿ ಕುಳಿತಿದ್ದರೆ ದೇವರು ತಂದುಕೊಡುತ್ತಿದ್ದನೇ?" ಇದನ್ನು ಬರಿಯ ಅಹಂಕಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬಾಡಿಗೆಯ ಒಂದೇ ಕೋಣೆಯಲ್ಲಿ ಸಂಸಾರ ಹೂಡಿ, ಲೋಕಲ್ ರೈಲಿನಲ್ಲಿ ನಿಂತೇ ಓಡಾಡಿ ಮಕ್ಕಳನ್ನು ಓದಿಸಿದವರ ಶ್ರಮ ಸುಳ್ಳಲ್ಲ. ಹಾಗಾದರೆ ಸರ್ವವೂ ಶ್ರೀಹರಿಯ ಅಧೀನವೆಂಬ ನಮ್ಮ ಸಿದ್ಧಾಂತಕ್ಕೂ ಈ ಶ್ರಮಕ್ಕೂ ಹೊಂದಿಕೆ ಹೇಗೆ?

ಜೀವನು ಕರ್ತನೇ ಅಲ್ಲವೆಂಬುದು ಶ್ರೀಮದಾಚಾರ್ಯರ ಮತವಲ್ಲ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಈ ವಿಚಾರ ಬಂದಿದೆ. ಜೀವನಿಗೆ ಕರ್ತೃತ್ವವಿಲ್ಲವೆಂದರೆ ಶಾಸ್ತ್ರದ ವಿಧಿನಿಷೇಧಗಳೆಲ್ಲ ವ್ಯರ್ಥವಾಗುತ್ತವೆ. ಆದರೆ ಆ ಕರ್ತೃತ್ವ ಸ್ವತಂತ್ರವಲ್ಲ, ಪರಮಾತ್ಮನಿಂದ ಬಂದದ್ದು. ಅಲ್ಲಿನ ದೃಷ್ಟಾಂತ ಬಡಗಿಯದು. ಆಚಾರ್ಯರ ಭಾಷ್ಯದಂತೆ ಬಡಗಿಯು ಮಾಡಿಸುವವನ ನಿಯಮನಕ್ಕೆ ಒಳಪಟ್ಟವನೂ ಹೌದು, ಕೆಲಸದ ಕರ್ತನೂ ಹೌದು. ಫ್ಲ್ಯಾಟಿಗೆ ಕಪಾಟು ಮಾಡಿಸಿದವರಿಗೆ ಇದು ಬೇಗ ತಿಳಿದೀತು. ಉಳಿ ಹಿಡಿಯುವ ಕೈ ಬಡಗಿಯದೇ. ಯಾವ ಗೋಡೆಗೆ, ಎಷ್ಟು ಎತ್ತರಕ್ಕೆ, ಯಾವ ಮರದಲ್ಲಿ ಎಂಬುದು ಮನೆಯೊಡೆಯನ ಮಾತು. (ದೃಷ್ಟಾಂತ ಇಷ್ಟಕ್ಕೇ ನಿಲ್ಲುತ್ತದೆ. ಬಡಗಿಯ ಕೈಗೆ ಬಲ ತುಂಬುವುದು ಮನೆಯೊಡೆಯನಿಂದಾಗದು. ಶ್ರೀಹರಿಯಾದರೋ ಬಲವನ್ನೂ ಕೊಡುವವನು.)

ಆದುದರಿಂದ "ಎಲ್ಲ ದೇವರಿಗೆ ಬಿಟ್ಟಿದ್ದೇನೆ" ಎಂದು ಪುಸ್ತಕ ಮುಚ್ಚಿಟ್ಟ ವಿದ್ಯಾರ್ಥಿಯು ಶರಣಾಗತನಲ್ಲ. ಬಿಡುವ ಸ್ವಾತಂತ್ರ್ಯವನ್ನು ಅವನು ತನ್ನಲ್ಲಿಯೇ ಇರಿಸಿಕೊಂಡಿದ್ದಾನೆ. "ನಾನೇ ಮಾಡಿದೆ" ಎನ್ನುವವನಿಗೂ ಇವನಿಗೂ ಹೆಚ್ಚಿನ ಅಂತರವಿಲ್ಲವೆಂದು ನಮಗೆ ತೋರುತ್ತದೆ. ನಮ್ಮ ನಿತ್ಯಕರ್ಮದ ಸಂಕಲ್ಪವನ್ನೇ ಗಮನಿಸಬಹುದು: ಮೊದಲು ವಿಷ್ಣುವಿನ ಪ್ರೇರಣೆ, ಅನಂತರ ವಿಷ್ಣುವಿನ ಪ್ರೀತಿ, ಕೊನೆಗೆ ಕೃಷ್ಣಾರ್ಪಣ. ನಡುವೆ ನೀರು ಹಿಡಿದು ಕುಳಿತ ಕೈ ಮಾತ್ರ ನಮ್ಮದು.

ಕೈಗೆ ಕೆಲಸವೇ ಉಳಿಯದಾಗ ಈ ತತ್ತ್ವದ ಪರೀಕ್ಷೆ. ವೈದ್ಯರನ್ನು ಆರಿಸಿದ್ದಾಯಿತು, ಹಣ ಕಟ್ಟಿದ್ದಾಯಿತು, ತಂದೆಯನ್ನು ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ದರು. ಹೊರಗೆ ಬೆಂಚಿನ ಮೇಲೆ ಕುಳಿತ ಮಗನು ಇನ್ನೇನು ಮಾಡಬೇಕು? ಭಾಗವತದ ಅಷ್ಟಮಸ್ಕಂಧದ ಗಜೇಂದ್ರನ ಸ್ಥಿತಿಯೂ ಇದೇ. ಸಾವಿರ ವರ್ಷ ಮೊಸಳೆಯೊಡನೆ ಸೆಣಸಿದ. ಜೊತೆಯ ಆನೆಗಳು ಎಳೆದು ನೋಡಿ ಸೋತವು. ನೀರಿನಲ್ಲಿ ಅವನ ಬಲ ಕುಗ್ಗಿತು, ಮೊಸಳೆಯದು ಹೆಚ್ಚಿತು. ಆ ಹೋರಾಟ ತಪ್ಪೆಂದು ಹೇಳಲು ನಮಗೆ ಮನಸ್ಸಿಲ್ಲ. ಹೋರಾಡಿದ್ದರಿಂದಲೇ ತನ್ನ ಬಲದ ಅಳತೆ ಅವನಿಗೆ ತಿಳಿಯಿತು. ಗಜೇಂದ್ರನ ಕಾಲು ಬಿಡುಗಡೆಯಾಯಿತು, ನಿಜ. ಆದರೆ ಬೆಂಚಿನ ಮೇಲೆ ಕುಳಿತವರೆಲ್ಲರ ತಂದೆಯರೂ ಮನೆಗೆ ಮರಳುವುದಿಲ್ಲ. ಭರವಸೆಯೆಂದರೆ ನಾವು ಬೇಡಿದ್ದು ಸಿಕ್ಕೇ ಸಿಗುವುದೆಂಬ ಒಪ್ಪಂದವೆಂದು ಬೋಧಿಸುವವರು ಆ ಮಕ್ಕಳಿಗೆ ಏನು ಉತ್ತರ ಕೊಟ್ಟಾರು? ಮೋಕ್ಷಪ್ರದನಾದ ಸ್ವಾಮಿಯನ್ನು ವ್ಯಾಪಾರಿಯ ಮಟ್ಟಕ್ಕೆ ಇಳಿಸಬಾರದು.

ಆ ಕಥೆಯಲ್ಲಿ ಇನ್ನೊಂದು ಅಂಶವಿದೆ. ಗಜೇಂದ್ರನು ಜಪಿಸಿದ ಸ್ತೋತ್ರ ಆ ಗಳಿಗೆಯಲ್ಲಿ ಕಲಿತದ್ದಲ್ಲ. ಹಿಂದಿನ ಜನ್ಮದಲ್ಲಿ, ಇಂದ್ರದ್ಯುಮ್ನನೆಂಬ ಪಾಂಡ್ಯರಾಜನಾಗಿದ್ದಾಗ ಅಭ್ಯಾಸ ಮಾಡಿದ್ದು. ಆಸ್ಪತ್ರೆಯ ಬೆಂಚಿನ ಮೇಲೂ ಹೊಸದಾಗಿ ಕಲಿಯಲು ಬಿಡುವಿರುವುದಿಲ್ಲ; ಎಂದೋ ಸಂಜೆ ದೀಪದ ಮುಂದೆ ಕೂರಿಸಿ ಅಜ್ಜಿ ಬಾಯಿಪಾಠ ಮಾಡಿಸಿದ್ದೇ ಆಗ ನಾಲಗೆಗೆ ಬರುತ್ತದೆ.