ಜೀರ್ಣೋದ್ಧಾರವು ಕಾಯಕವೋ, ಮೋಹವೋ?

ಹಳೆಯದಾದ ವಸ್ತುವನ್ನು ಮತ್ತೆ ಮತ್ತೆ ದುರಸ್ತಿ ಮಾಡಿ ಬಳಸುವುದು ಧರ್ಮವೋ, ಅಥವಾ ಅದರ ಮೇಲಣ ಮೋಹವೋ ಎಂಬ ಪ್ರಶ್ನೆಯು ಪ್ರತಿಯೊಬ್ಬ ಗೃಹಸ್ಥನ ಮುಂದೆಯೂ ಒಂದಿಲ್ಲೊಂದು ದಿನ ಬಂದು ನಿಲ್ಲುವುದು. ಗುಡಿಗೋಪುರಗಳ ಜೀರ್ಣೋದ್ಧಾರದಲ್ಲಿ ಪುಣ್ಯವುಂಟೆಂದು ಲೋಕವು ನಂಬಿದೆ. ಶರಣಧರ್ಮವಾದರೋ ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಎತ್ತಿಹಿಡಿಯಿತು. ಆದುದರಿಂದ ಈ ವಿಚಾರಕ್ಕೆ ಚಲಿಸುವ ವಸ್ತುವೊಂದನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಇಲ್ಲಿ ಚಲನೆಯೆಂಬ ವಾಚ್ಯಾರ್ಥವಷ್ಟೇ ಗ್ರಾಹ್ಯವೆಂಬುದನ್ನು ಮೊದಲೇ ಹೇಳಿಬಿಡಬೇಕು. ಯಂತ್ರವು ಪೂಜ್ಯವಾದ ಜಂಗಮವಾಗಲಾರದು.

ಪಾಶ್ಚಾತ್ಯ ದೇಶಗಳಲ್ಲಿ ಮನೆಯನ್ನೇ ಮೋಟಾರಿನ ಮೇಲೆ ಕಟ್ಟಿಕೊಂಡು ಸಂಚರಿಸುವ ಪದ್ಧತಿಯುಂಟು. ಒಂದೇ ಗಾಡಿಯೊಳಗೆ ಮಲಗುವ ಹಾಸಿಗೆ, ಅಡಿಗೆಯ ಒಲೆ, ನೀರಿನ ತೊಟ್ಟಿ, ಬಟ್ಟೆಯ ಕಪಾಟು ಎಲ್ಲವೂ ಇರುವುವು. ಜರ್ಮನಿಯ ಮರ್ಸಿಡಿಸ್ ಸಂಸ್ಥೆಯು ೧೯೭೭ರಿಂದ ೧೯೯೫ರವರೆಗೆ ತಯಾರಿಸಿದ ಟಿ-೧ ಎಂಬ ವ್ಯಾನಿನ ಮೇಲೆ ಹೈಮರ್ ಮೊದಲಾದ ಸಂಸ್ಥೆಗಳು ಇಂತಹ ಮನೆಗಳನ್ನು ಕಟ್ಟಿದುವು. ಅವುಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ಈ ವ್ಯಾನು ನಮಗೆ ಅಪರಿಚಿತವಲ್ಲ. ಅದರ ಮಾದರಿಯನ್ನೇ ಅನುಸರಿಸಿ ಬಜಾಜ್ ಟೆಂಪೋ ಸಂಸ್ಥೆಯು, ಅಂದರೆ ಇಂದಿನ ಫೋರ್ಸ್ ಮೋಟಾರ್ಸ್, ನಿರ್ಮಿಸಿದ ಟೆಂಪೋ ಟ್ರಾವೆಲರ್ ಗಾಡಿಯಲ್ಲಿಯೇ ನಮ್ಮ ಭಕ್ತರು ಕೂಡಲಸಂಗಮ, ಶ್ರೀಶೈಲಗಳಿಗೆ ಹೋಗಿಬರುತ್ತಾರೆ.

ಈ ಗಾಡಿಯ ಹೃದಯವು ಡೀಸೆಲ್ ಇಂಜಿನು. ರುಡಾಲ್ಫ್ ಡೀಸೆಲ್ ಎಂಬಾತನು ೧೮೯೭ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಇದನ್ನು ಸಿದ್ಧಿಗೊಳಿಸಿದನು. ಪೆಟ್ರೋಲ್ ಇಂಜಿನಿಗೆ ಹೊತ್ತಿಸುವ ಕಿಡಿ ಬೇಕು. ಇದಕ್ಕೆ ಅದು ಬೇಡ. ಒಳಗೆ ಸೆಳೆದ ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಒತ್ತಿದಾಗ ಅದು ತಾನಾಗಿಯೇ ಅಷ್ಟು ಕಾಯುವುದು. ಆ ಕಾವಿನಲ್ಲಿ ಸಿಂಪಡಿಸಿದ ಎಣ್ಣೆಯು ಹೊತ್ತಿಕೊಳ್ಳುವುದು. ಆ ಗಾಡಿಗಳಲ್ಲಿದ್ದ ೨.೪ ಲೀಟರಿನ ಇಂಜಿನು ದೀರ್ಘಾಯುವೆಂದು ಹೆಸರಾದುದು. ಆದರೆ ಅದರ ಆಯುಸ್ಸು ಅಲ್ಪವೆಂದು ತೋರುವ ಲೆಕ್ಕಗಳ ಮೇಲೆ ನಿಂತಿದೆ. ತಣ್ಣಗಿರುವಾಗ ಗಾಳಿಯ ವಾಲ್ವಿಗೆ ೦.೧೦ ಮಿಲಿಮೀಟರ್, ಹೊಗೆಯ ವಾಲ್ವಿಗೆ ೦.೩೦ ಮಿಲಿಮೀಟರ್ ಸಂದು ಇರತಕ್ಕದ್ದು. ಸವೆತದಿಂದ ಈ ಸಂದು ತೀರ ಕಿರಿದಾದರೆ ವಾಲ್ವು ಪೂರ್ತಿಯಾಗಿ ಮುಚ್ಚದೆ ಸುಟ್ಟುಹೋಗುವುದು. ಕಣ್ಣಿಗೆ ಕಾಣದ ಈ ಸಂದನ್ನು ಕಾಲಕಾಲಕ್ಕೆ ಅಳೆದು ಸರಿಪಡಿಸುವವನು ಗಾಡಿಯನ್ನು ಉಳಿಸುವನು. ಹೊರಮೈಯನ್ನು ತೊಳೆದು ಹೊಳೆಯಿಸುವವನಿಂದ ಅದು ಆಗದು.

ಇನ್ನೊಂದು ಸಂಗತಿಯು ಬಹಳ ವಿಚಾರಾರ್ಹವಾದುದು. ಈ ಸಂಚಾರಿ ಮನೆಗಳು ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ವರ್ಷದಲ್ಲಿ ಕೆಲವೇ ವಾರ ಓಡಿ ಉಳಿದ ಕಾಲ ನಿಂತಿದ್ದರೆ, ಅರೆಬರಿದಾದ ಟ್ಯಾಂಕಿನೊಳಗೆ ಗಾಳಿಯ ತೇವವು ನೀರಾಗಿ ತಳಕ್ಕಿಳಿಯುವುದು. ನೀರೂ ಡೀಸೆಲ್ಲೂ ಸಂಧಿಸುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಅವುಗಳ ಲೋಳೆಯು ಫಿಲ್ಟರನ್ನು ಕಟ್ಟುವುದು. ಬ್ಯಾಟರಿಯ ಸೀಸದ ಫಲಕಗಳು ಗಟ್ಟಿಯಾಗುವುವು. ಬ್ರೇಕಿನ ದ್ರವವು ತೇವವನ್ನು ಹೀರಿ, ಘಾಟಿಯ ಇಳಿಜಾರಿನಲ್ಲಿ ಕಾದು ಕುದಿದರೆ ಪೆಡಲು ಸಡಿಲಾಗುವುದು. ಆದಕಾರಣವೇ ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂಬ ನಿಯಮವಿದೆ. ಟಯರಿನ ಗೀರುಗಳು ಸವೆಯದೆ ಹೊಸದರಂತೆ ಕಂಡರೂ ರಬ್ಬರು ಪಕ್ಕದಲ್ಲಿ ಬಿರಿದಿರುವುದು. ಟಯರಿನ ಮೇಲೆ ಅಚ್ಚೊತ್ತಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ತಿಳಿಸುವುದರಿಂದ ನೋಡಬೇಕಾದುದು ಆ ಅಂಕಿಗಳನ್ನು. ಚಲಿಸಲೆಂದು ಹುಟ್ಟಿದ ವಸ್ತುವಿಗೆ ಜಡತೆಯೇ ರೋಗ. ಆಚರಣೆಯಿಲ್ಲದೆ ಪೆಟ್ಟಿಗೆಯಲ್ಲಿಟ್ಟ ಭಕ್ತಿಯ ಗತಿಯೂ ಇದೇ ಅಲ್ಲವೇ?

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: "ದುರಸ್ತಿಯಿಂದ ಹೊಸದೇನೂ ಉತ್ಪನ್ನವಾಗುವುದಿಲ್ಲ. ಇದ್ದುದನ್ನು ಇದ್ದಂತೆ ಇಡುವುದು ಕಾಯಕವೆನಿಸೀತು ಹೇಗೆ?" ಇದಕ್ಕೆ ಮಡಿವಾಳ ಮಾಚಯ್ಯನವರೇ ಉತ್ತರ. ಅವರು ನೂಲಲಿಲ್ಲ, ನೇಯಲಿಲ್ಲ. ಮಾಸಿದುದನ್ನು ಮಡಿ ಮಾಡಿದರು. ನಾಳೆ ಮತ್ತೆ ಮಾಸುವುದೆಂದು ತಿಳಿದಿದ್ದೂ ಇಂದು ಒಗೆದರು. ಮುಗಿಯದ ಕೆಲಸವನ್ನು ಬೇಸರವಿಲ್ಲದೆ, ಫಲದ ಹೆಮ್ಮೆಯಿಲ್ಲದೆ ಮಾಡುವುದು ಹೊಸದನ್ನು ಕಟ್ಟುವುದಕ್ಕಿಂತ ಕಠಿನವಾದ ತಪಸ್ಸು. ಮನೆಯಲ್ಲಿ ತಾಯಿಯು ಪ್ರತಿದಿನ ಮಾಡುವ ಕೆಲಸವೆಲ್ಲವೂ ಈ ಜಾತಿಯದೇ. ಅದು ನಿಂತ ದಿನವಷ್ಟೇ ಅದರ ಬೆಲೆ ಮನೆಯವರಿಗೆ ತಿಳಿಯುವುದು.

ಆದರೆ ದುರಸ್ತಿಯೆಲ್ಲವೂ ಕಾಯಕವಲ್ಲ. ಸತ್ಯಶುದ್ಧವಾದುದು ಮಾತ್ರ ಕಾಯಕ. ಹಳೆಯ ಸಂಚಾರಿ ಮನೆಗಳ ಗೋಡೆಯೊಳಗೆ ಮರದ ಚೌಕಟ್ಟು ಇರುವುದುಂಟು. ಚಾವಣಿಯ ಸಂದಿನ ಅಂಟು ಒಣಗಿ ಬಿರಿದರೆ ಮಳೆಯ ನೀರು ಹನಿಹನಿಯಾಗಿ ಇಳಿದು, ಹೊರಗೆ ಯಾವ ಸುಳಿವೂ ಇಲ್ಲದೆ ಒಳಗೆ ಮರವು ಕೊಳೆಯುವುದು. ಬೆರಳಿನಿಂದ ಒತ್ತಿದಾಗ ಮೆತ್ತಗಾಗುವ ಗೋಡೆಯೇ ಅದರ ಸಾಕ್ಷಿ. ಅದನ್ನು ಬಿಚ್ಚಿ, ಕೊಳೆತುದನ್ನು ಕೊಯ್ದು ತೆಗೆದು, ಒಣಗಿಸಿ, ಹೊಸ ಮರ ಕೂಡಿಸಿ, ಹಳೆಯ ಅಂಟನ್ನು ಪೂರ್ತಿಯಾಗಿ ಕೆರೆದ ಮೇಲೆ ಹೊಸ ಅಂಟು ಹಾಕುವುದು ದುರಸ್ತಿ. ಹಳೆಯದರ ಮೇಲೆಯೇ ಹೊಸ ಅಂಟು ಸವರುವುದು, ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದು ವಂಚನೆ. ಹಾಗೆ ಮೆತ್ತಿದ ಗಾಡಿಯನ್ನು ಅರಿಯದವನಿಗೆ ಮಾರುವವನು ಅವನ ಹಣದೊಡನೆ ಪ್ರಾಣವನ್ನೂ ಪಣಕ್ಕಿಡುತ್ತಾನೆ. ದೋಣಿಯ ಬಿರುಕನ್ನು ಅರಿತೂ ಮುಚ್ಚದೆ ಜನರನ್ನು ಹತ್ತಿಸಿಕೊಳ್ಳುವ ಅಂಬಿಗನಿಗೂ ಇವನಿಗೂ ಏನು ಭೇದ? ಜರ್ಮನಿಯ ಕಾಯಿದೆಯು ಮೂರೂವರೆ ಟನ್ನಿನೊಳಗಿನ ಇಂತಹ ಹಳೆಯ ಗಾಡಿಗಳನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತದೆ. ಪರೀಕ್ಷಕನು ಬರುವವರೆಗೆ ಕಾಯುವುದು ಕಾಯಿದೆಗೆ ಸಾಕಾದೀತು, ಅಂತಸ್ಸಾಕ್ಷಿಗೆ ಸಾಲದು.

ಎರಡನೆಯ ಪೂರ್ವಪಕ್ಷವು ಇನ್ನೂ ಬಲವಾದುದು: "ಇಷ್ಟೊಂದು ಶ್ರಮವು ಮೋಹದ ಲಕ್ಷಣವಲ್ಲವೇ? ಹೊಸದನ್ನು ಕೊಂಡರಾಗದೇ?" ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದರೆಂಬುದನ್ನು ನಾವೆಲ್ಲ ಕೇಳಿದ್ದೇವೆ. ಇರುವುದು ಸಾಕಾಗುವಾಗ ಮತ್ತೊಂದನ್ನು ಬಯಸುವುದು ಆಸೆ; ಆದುದರಿಂದ ಹೊಸದನ್ನು ಕೊಳ್ಳುವುದೇ ವೈರಾಗ್ಯವೆಂದು ಹೇಳಲಾಗದು. ಆದರೆ ಹಳೆಯದಕ್ಕೆ ಅಂಟಿಕೊಳ್ಳುವುದೂ ಆಸೆಯ ಇನ್ನೊಂದು ಮುಖ. ಇಂಜಿನು ಬದಲಾಯಿತು, ನೆಲದ ಹಲಗೆ ಬದಲಾಯಿತು, ಬಾಗಿಲು ಬದಲಾಯಿತು. ಆದರೂ ಒಡೆಯನು "ಇದು ಅದೇ ಗಾಡಿ" ಎನ್ನುತ್ತಾನೆ. ಅವನು ಅಪ್ಪಿಕೊಂಡಿರುವುದು ಯಾವುದನ್ನು? ಒಂದು ಹೆಸರನ್ನು ಮಾತ್ರ. ಇಷ್ಟು ಅರಿತವನಿಗೆ ದುರಸ್ತಿಯು ಬಂಧನವಾಗದು. ವಸ್ತುವಿನ ಉಪಯೋಗ ಮುಗಿದಾಗ ಅವನು ಕಣ್ಣೀರಿಲ್ಲದೆ ಕೈಬಿಡಬಲ್ಲನು.

ಹಾಗಾದರೆ ಉಪಯೋಗ ಮುಗಿಯಿತೆಂದು ಬಗೆಯುವುದು ಯಾವಾಗ? ನನ್ನ ಅಲ್ಪಮತಿಗೆ ತೋರುವ ಒರೆಗಲ್ಲು ಇದು: ಅದರಿಂದ ಪರರಿಗೆ ಕೇಡಾಗುವಾಗ. ಡೀಸೆಲ್ ಹೊಗೆಯು ಕ್ಯಾನ್ಸರ್ ರೋಗಕ್ಕೆ ಕಾರಣವಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೧೨ರಲ್ಲಿ ಸಾರಿತು. ಜರ್ಮನಿಯ ಬರ್ಲಿನ್ ಮೊದಲಾದ ನಗರಗಳು ೨೦೦೮ರಿಂದ ಹೆಚ್ಚು ಹೊಗೆ ಕಾರುವ ಗಾಡಿಗಳಿಗೆ ನಗರಮಧ್ಯದಲ್ಲಿ ಪ್ರವೇಶವನ್ನು ನಿಷೇಧಿಸಿದುವು. ಮೂವತ್ತು ವರ್ಷ ದಾಟಿ, ಮೂಲರೂಪದಲ್ಲಿ ಚೆನ್ನಾಗಿ ಉಳಿದು, ಪುರಾತನವೆಂಬ ವಿಶೇಷ ಫಲಕವನ್ನು ಪಡೆದ ಗಾಡಿಗಳಿಗೆ ವಿನಾಯಿತಿಯುಂಟು. ಆದರೆ ಕಾಯಿದೆ ಬಿಟ್ಟಮಾತ್ರಕ್ಕೆ ಹೊಗೆಯು ಅಮೃತವಾಗುವುದೇ? ಇಂಜೆಕ್ಟರುಗಳನ್ನು ಶುದ್ಧಗೊಳಿಸಿ, ಗಾಳಿಯ ಫಿಲ್ಟರನ್ನು ಬದಲಿಸಿ, ಪಂಪಿನ ವೇಳೆಯನ್ನು ಸರಿಪಡಿಸಿದರೆ ಕಪ್ಪು ಹೊಗೆಯು ಬಹುಮಟ್ಟಿಗೆ ತಗ್ಗುವುದು. ಅಷ್ಟನ್ನಾದರೂ ಮಾಡದೆ ಮಕ್ಕಳ ಶಾಲೆಯ ಮುಂದೆ ಇಂಜಿನು ಓಡಿಸುತ್ತ ನಿಲ್ಲುವವನ ಪುರಾತನಪ್ರೇಮವು ಹಿಂಸೆಯೇ ಸರಿ. ಎಲ್ಲವನ್ನು ಮಾಡಿದ ಮೇಲೆಯೂ ಹೊಗೆ ನಿಲ್ಲದಿದ್ದರೆ, ಚಾಸಿಯ ಕಬ್ಬಿಣವು ಭಾರ ಹೊರದಷ್ಟು ತುಕ್ಕು ಹಿಡಿದಿದ್ದರೆ, ಬಿಡುವುದೇ ಧರ್ಮ. ಆಗಲೂ ಅದರಲ್ಲಿ ಗಟ್ಟಿಯಾಗಿ ಉಳಿದ ಭಾಗಗಳು ಇನ್ನೊಂದು ಗಾಡಿಗೆ ಸಲ್ಲಲಿ. ಅದು ಜಡವಸ್ತುವಿಗೂ ಒದಗಿದ ದಾಸೋಹ.

ಆದಕಾರಣ ಸಿದ್ಧಾಂತವಿಷ್ಟು: ವಸ್ತುವು ಹಳೆಯದೋ ಹೊಸದೋ ಎಂಬುದರಿಂದ ಕಾಯಕವೂ ಮೋಹವೂ ನಿರ್ಣಯವಾಗುವುದಿಲ್ಲ. ಯಾರ ಸಲುವಾಗಿ ದುರಸ್ತಿ ಮಾಡುತ್ತೇವೆ, ಕಾಣದ ಭಾಗವನ್ನೂ ಕಾಣುವ ಭಾಗದಷ್ಟೇ ಶುದ್ಧವಾಗಿ ಮಾಡುತ್ತೇವೆಯೇ ಎಂಬುದರಿಂದ ನಿರ್ಣಯವಾಗುತ್ತದೆ. ಸದ್ಭಕ್ತರ ಮನೆಯಲ್ಲಿ ಸಂಚಾರಿ ಮನೆ ಇಲ್ಲದಿರಬಹುದು. ಆದರೆ ಅಡಿಗೆಯ ಗ್ಯಾಸಿನ ರಬ್ಬರು ಕೊಳವೆಯುಂಟು, ಮಗನು ಏರಿ ಹೋಗುವ ಮೋಟಾರು ಸೈಕಲ್ಲಿನ ಬ್ರೇಕು ಉಂಟು, ಬಾವಿಯ ಪಂಪಿನ ವಿದ್ಯುತ್ ತಂತಿಯುಂಟು. ಇಂದಿನ ಪೂಜೆ ಮುಗಿದೊಡನೆ ಅವುಗಳಲ್ಲೊಂದನ್ನು ಕೈಯಿಂದ ಮುಟ್ಟಿ ನೋಡಿದರೆ, ಅದೂ ಪೂಜೆಯ ಮುಂದುವರಿದ ಅಂಗವೇ ಆಗುವುದು.