ಕೇಳಲಿಲ್ಲ, ಹೇಳಲಿಲ್ಲ: ಅಚೌರ್ಯಾಣುವ್ರತದ ಬಗೆಗೆ ಒಂದು ವಿಚಾರ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವು ಹೊರನೋಟಕ್ಕೆ ಅತ್ಯಂತ ಸುಲಭವಾದ ವ್ರತವೆಂದು ತೋರುತ್ತದೆ. ಪರರ ಮನೆಗೆ ಕನ್ನ ಹಾಕದವನು, ಪರರ ಗಂಟಿಗೆ ಕೈಯಿಡದವನು ತಾನು ಈ ವ್ರತವನ್ನು ಪಾಲಿಸುತ್ತಿರುವೆನೆಂದು ನಿಶ್ಚಿಂತನಾಗಿರುತ್ತಾನೆ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಕಳವನ್ನು ನಿರೂಪಿಸುವಾಗ ಕನ್ನವನ್ನಾಗಲಿ ಕತ್ತಲೆಯನ್ನಾಗಲಿ ಹೆಸರಿಸಲಿಲ್ಲ. ಅದತ್ತಾದಾನ, ಎಂದರೆ ಕೊಡದುದನ್ನು ಕೊಳ್ಳುವುದನ್ನೇ ಕಳವೆಂದು ಗುರುತಿಸಿದರು. ಹೀಗೆಂದೊಡನೆ ಪ್ರಶ್ನೆಯು ಕೊಳ್ಳುವವನ ಕೈಯಿಂದ ಕೊಡುವವನ ಮನಸ್ಸಿಗೆ ಸರಿಯುತ್ತದೆ. ಕೊಟ್ಟಿರುವರೇ? ಯಾರಿಗೆಂದು, ಏನನ್ನು ನಂಬಿ ಕೊಟ್ಟಿರುವರು? ದೂರದ ಅಮೆರಿಕದ ಪ್ರವಾಸಿಗಳಲ್ಲಿ ಬೇರೂರಿರುವ ಒಂದು ಸಣ್ಣ ರೂಢಿಯು ಈ ಹಳೆಯ ಪ್ರಶ್ನೆಯನ್ನು ಹೊಸದಾಗಿ ಕೇಳುವಂತೆ ಮಾಡುತ್ತದೆ.

ಮನೆಯನ್ನೇ ಗಾಲಿಗಳ ಮೇಲೆ ಹೊತ್ತು ಸಾಗುವ ವಾಹನಗಳು ಆ ದೇಶದಲ್ಲಿ ಬಹಳ. ಅವುಗಳನ್ನು ಆರ್‌ವಿ ಎಂದು ಕರೆಯುತ್ತಾರೆ. ಹಾಸಿಗೆ, ಒಲೆ, ಶೌಚಗೃಹಗಳು ಅದರೊಳಗೇ ಇರುತ್ತವೆ. ಶುದ್ಧ ನೀರಿಗೆ, ತೊಳೆದ ನೀರಿಗೆ, ಮಲಕ್ಕೆ ಬೇರೆ ಬೇರೆ ತೊಟ್ಟಿಗಳಿರುತ್ತವೆ. ವೃತ್ತಿಯಿಂದ ನಿವೃತ್ತರಾದ ಅನೇಕರು ಇಂತಹ ವಾಹನದಲ್ಲಿ ತಿಂಗಳುಗಟ್ಟಲೆ ಸಂಚರಿಸುತ್ತಾರೆ. ರಾತ್ರಿ ತಂಗಲು ಹಣ ತೆತ್ತು ಇಳಿಯುವ ತಾಣಗಳುಂಟು. ಅಲ್ಲಿ ವಿದ್ಯುತ್ತೂ ನೀರೂ ದೊರೆಯುತ್ತವೆ. ಆದರೆ ಕೇವಲ ಕೆಲವು ಗಂಟೆಗಳ ನಿದ್ರೆಗಾಗಿ ಹಣ ತೆರುವುದೇಕೆಂದು ಯೋಚಿಸುವವರು ಹೆದ್ದಾರಿಯ ಬದಿಯ ಕ್ಯಾಸಿನೊಗಳ ಪಾರ್ಕಿಂಗ್ ಅಂಗಳವನ್ನು ಆರಿಸಿಕೊಳ್ಳುತ್ತಾರೆ. ಅನೇಕ ಕ್ಯಾಸಿನೊಗಳು ಇದಕ್ಕೆ ಒಪ್ಪುತ್ತವೆ. ಅಂಗಳ ವಿಶಾಲವಾಗಿರುತ್ತದೆ, ಇರುಳೆಲ್ಲ ದೀಪ ಉರಿಯುತ್ತದೆ, ಕಾವಲುಗಾರರು ಸುತ್ತು ಹಾಕುತ್ತಿರುತ್ತಾರೆ. ಇಷ್ಟಕ್ಕೂ ಬಾಡಿಗೆಯಿಲ್ಲ. ಇದರ ಕಾರಣವೇನೂ ಗುಟ್ಟಲ್ಲ. ಅಂಗಳದಲ್ಲಿ ಮಲಗುವವನು ಮಲಗುವ ಮುನ್ನ ಒಳಗೆ ಬಂದು ಜೂಜಾಡುವನೆಂಬ ನಿರೀಕ್ಷೆಯೇ ಆ ಔದಾರ್ಯದ ಮೂಲ.

ವಿಚಾರಕ್ಕೆ ಅನುಕೂಲವಾಗಲೆಂದು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಆ ದೇಶದಲ್ಲಿಯೇ ನೆಲೆಸಿ ಮುಪ್ಪಿಗೆ ಕಾಲಿಟ್ಟ ಒಂದು ಜೈನ ದಂಪತಿ. ಸಪ್ತವ್ಯಸನಗಳ ತ್ಯಾಗ ಅವರ ಮನೆತನದಲ್ಲಿ ಬಂದದ್ದು. ಆ ಏಳರಲ್ಲಿ ಮೊದಲನೆಯದೇ ಜೂಜು. ಇಬ್ಬರೂ ಸೂರ್ಯಾಸ್ತದ ಮುನ್ನ ಊಟ ಮುಗಿಸುವವರು. ನ್ಯೂ ಮೆಕ್ಸಿಕೊ ರಾಜ್ಯದ 40ನೆಯ ಅಂತರರಾಜ್ಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗುವಾಗ ಇರುಳಾಗುತ್ತದೆ. ಯಜಮಾನರು ಒಂದು ಕ್ಯಾಸಿನೊದ ಅಂಗಳಕ್ಕೆ ವಾಹನವನ್ನು ತಿರುಗಿಸಿ, ಕಾವಲುಗಾರನನ್ನು ಕಂಡು, ಅನುಮತಿ ಪಡೆದು ಬರುತ್ತಾರೆ. ಹಾಸಿಗೆ ಬಿಡಿಸುತ್ತ ಮನೆಯಾಕೆ ಕೇಳುತ್ತಾಳೆ: “ನಾವು ಒಳಗೆ ಹೋಗುವವರಲ್ಲವೆಂದು ಅವನಿಗೆ ಹೇಳಿದಿರೇನ್ರೀ?” ಯಜಮಾನರು ಉತ್ತರಿಸುತ್ತಾರೆ: “ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.” ಈ ಉತ್ತರದಲ್ಲಿ ಸುಳ್ಳಿಲ್ಲ. ಆದರೂ ಆಕೆಗೆ ನಿದ್ರೆ ಬರುವುದಿಲ್ಲ.

ಆಕೆಯ ಅಸಮಾಧಾನಕ್ಕೆ ಆಧಾರವುಂಟೇ? ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಹತ್ತಿರವಾದ ಒಂದು ಶಂಕೆಯನ್ನು ತಾವೇ ಎತ್ತಿ ಪರಿಹರಿಸಿದ್ದಾರೆ. ಭಿಕ್ಷುವು ಊರೊಳಗೆ ಸಂಚರಿಸುವಾಗ ಬೀದಿಗಳನ್ನೂ ಬಾಗಿಲುಗಳನ್ನೂ ಪ್ರವೇಶಿಸುತ್ತಾನೆ; ಅವನ್ನು ಯಾರೂ ಅವನಿಗೆ ಕೈಯೆತ್ತಿ ಕೊಟ್ಟಿಲ್ಲ; ಹಾಗಾದರೆ ಅದು ಅದತ್ತಾದಾನವಾಗದೇ? ಆಗದು, ಏಕೆಂದರೆ ಬೀದಿಯು ಸರ್ವರಿಗೂ ಸಾಮಾನ್ಯವಾಗಿ ಬಿಡಲ್ಪಟ್ಟಿದೆ. ಮುಚ್ಚಿದ ಬಾಗಿಲಿನೊಳಗೆ ಅವನು ಹೋಗುವುದಿಲ್ಲ, ಏಕೆಂದರೆ ಅದು ಬಿಡಲ್ಪಟ್ಟಿಲ್ಲ. ಅಲ್ಲದೆ ಪ್ರಮತ್ತಯೋಗವಿದ್ದಲ್ಲಿ, ಎಂದರೆ ಕಷಾಯದಿಂದ ಕೂಡಿದ ಮನೋವ್ಯಾಪಾರವಿದ್ದಲ್ಲಿ ಮಾತ್ರ ಕಳವು ಎಂಬುದು ಅವರ ಮತ್ತೊಂದು ಸಮಾಧಾನ.

ಈ ಎರಡು ಅಳತೆಗಳಿಂದ ಕ್ಯಾಸಿನೊದ ಅಂಗಳವನ್ನು ಅಳೆದು ನೋಡಬೇಕು. ರಾತ್ರಿ ತಂಗುವುದು ನಿಷಿದ್ಧವೆಂದು ಫಲಕವಿದ್ದರೆ ಅದು ಮುಚ್ಚಿದ ಬಾಗಿಲು. ಕಾವಲುಗಾರನ ಕಣ್ಣು ತಪ್ಪಿಸಿ ಅಲ್ಲಿ ಮಲಗುವುದು ನಿಸ್ಸಂದೇಹವಾಗಿ ಅದತ್ತಾದಾನ. ಯಾರು ಬೇಕಾದರೂ ಒಂದು ರಾತ್ರಿ ತಂಗಬಹುದೆಂದು ಒಡೆಯನು ಸಾರಿದ್ದರೆ ಅದು ಬೀದಿಯಂತೆ ಬಿಡಲ್ಪಟ್ಟದ್ದು, ದೋಷವಿಲ್ಲ. ತೊಡಕು ಇರುವುದು ನಡುವಣ ಸ್ಥಿತಿಯಲ್ಲಿ. ಅನೇಕ ಅಂಗಳಗಳು ತಮ್ಮ ಗಿರಾಕಿಗಳಿಗಾಗಿ ತೆರೆದವು. ಅಲ್ಲಿ ಬಾಗಿಲು ತೆರೆದಿದೆ, ಆದರೆ ಒಂದು ನಂಬಿಕೆಯ ಮೇಲೆ ತೆರೆದಿದೆ. ಧರ್ಮಶಾಲೆಯ ದಾನಿಯು ಯಾತ್ರಿಕನಿಂದ ಏನನ್ನೂ ಅಪೇಕ್ಷಿಸುವುದಿಲ್ಲ. ಆದುದರಿಂದಲೇ ಸಮಂತಭದ್ರ ಆಚಾರ್ಯರು ಆವಾಸದಾನವನ್ನು ಆಹಾರ, ಔಷಧ, ಉಪಕರಣ ದಾನಗಳ ಸಾಲಿನಲ್ಲಿ ಎಣಿಸಿದರು. ಕ್ಯಾಸಿನೊದವನ ಉಚಿತವು ದಾನವಲ್ಲ, ಬಲೆಗೆ ಹಾಕಿದ ಕಾಳು. ಬಲೆಗೆ ಬೀಳದೆ ಕಾಳನ್ನು ಮಾತ್ರ ಆರಿಸಿಕೊಂಡ ಹಕ್ಕಿಯನ್ನು ಲೋಕವು ಜಾಣಹಕ್ಕಿ ಎನ್ನುತ್ತದೆ. ಶ್ರಾವಕನಿಗೆ ಆ ಜಾಣತನ ಸಾಕೇ?

ಸಾಕು ಎಂದು ವಾದಿಸುವವರುಂಟು. ಬಲೆ ಒಡ್ಡುವವನಿಗೆ ನಷ್ಟವಾದರೆ ತಪ್ಪೇನು ಎಂದು ಅವರು ಕೇಳುತ್ತಾರೆ. ಕೆಲವರು ಇನ್ನೂ ಮುಂದೆ ಹೋಗುತ್ತಾರೆ. ಆಟಗಾರರ ಸಂಘಕ್ಕೆ ಹೆಸರು ಬರೆಸಿದವರಿಗೆ ಕ್ಯಾಸಿನೊದವರು ಕಾರ್ಡು ಕೊಡುತ್ತಾರೆ; ಎಷ್ಟೋ ಕಡೆ ಮೊದಲ ಆಟಕ್ಕೆಂದು ಕೆಲವು ಡಾಲರುಗಳ ಪಣವನ್ನೂ ತಾವೇ ಕಟ್ಟಿಕೊಡುತ್ತಾರೆ. ಆ ಕಾರ್ಡನ್ನು ವಾಹನದ ಗಾಜಿನ ಹಿಂದೆ ಕಾಣುವಂತೆ ಇಟ್ಟು ಹಾಯಾಗಿ ಮಲಗುವವರುಂಟು. ಪುಕ್ಕಟೆ ಪಣವನ್ನು ಆಡಿ, ಬಂದುದನ್ನು ಜೇಬಿಗಿಳಿಸಿ, ತಮ್ಮದೊಂದು ಕಾಸೂ ಹೋಗಲಿಲ್ಲವೆಂದು ಹಿಗ್ಗುವವರೂ ಉಂಟು. ಎರಡನೆಯವರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹಣ ಯಾರದಾದರೂ ಜೂಜು ಜೂಜೇ. ಮೊದಲನೆಯವರ ದೋಷ ಸೂಕ್ಷ್ಮವಾದುದು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು: ಒಂದನ್ನು ತೋರಿಸಿ ಅದರಂತೆಯೇ ಕಾಣುವ ಹುಸಿಯನ್ನು ಕೊಡುವುದು. ಆಡದವನು ಆಟಗಾರನ ಗುರುತನ್ನು ಮುಂದಿಟ್ಟು ಸ್ಥಳ ಪಡೆದಾಗ ಆ ಅತಿಚಾರದ ನೆರಳು ಅಲ್ಲಿ ಬಿದ್ದೇ ಇದೆ. ಮೋಸಹೋದವನು ಸಾಧುವಲ್ಲವೆಂಬುದು ಮೋಸಕ್ಕೆ ಸಮರ್ಥನೆಯಾಗದು. ಏಕೆಂದರೆ ಮಾಯಾಕಷಾಯದಿಂದ ಬರುವ ಬಂಧವು ಮಾಯೆ ಮಾಡಿದವನ ಆತ್ಮಕ್ಕೆ ಅಂಟುವುದೇ ಹೊರತು ಅದು ಎದುರಾಳಿಯ ಯೋಗ್ಯತೆಯನ್ನು ವಿಚಾರಿಸುವುದಿಲ್ಲ.

ಅಲ್ಲದೆ ಆ ಅಂಗಳದ ವೆಚ್ಚವನ್ನು ನಿಜವಾಗಿ ತೆರುತ್ತಿರುವವರು ಯಾರು? ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳಿವೆ. ಒಂದು ಸಂಖ್ಯೆಯ ಮೇಲೆ ಪಣವಿಟ್ಟು ಗೆದ್ದವನಿಗೆ ಪಣದ 35ರಷ್ಟು ಕೊಡುತ್ತಾರೆ. ಗಣಿತದ ನ್ಯಾಯದಂತೆ 37ರಷ್ಟು ಕೊಡಬೇಕು. ಈ ವ್ಯತ್ಯಾಸದಿಂದ ಹೂಡಿದ ಪ್ರತಿ 100 ಡಾಲರುಗಳಲ್ಲಿ ಸರಾಸರಿ 5 ಡಾಲರು 26 ಸೆಂಟು ಮನೆಯವನಲ್ಲಿಯೇ ಉಳಿಯುತ್ತದೆ. ಒಬ್ಬನು ಒಂದು ರಾತ್ರಿ ಗೆದ್ದರೂ ಚಕ್ರವು ಸೋಲುವುದಿಲ್ಲ. ಅಂಗಳದ ದೀಪಕ್ಕೆ ಎಣ್ಣೆ ಬರುವುದು ಇಂತಹ ಸೋಲುಗಳ ಮೊತ್ತದಿಂದ. ವ್ಯಸನಕ್ಕೆ ಸಿಕ್ಕಿ ಮನೆಯ ಬಾಡಿಗೆಯ ಹಣವನ್ನು ಕಳೆದುಕೊಂಡವನು ಅದೇ ಅಂಗಳದ ಇನ್ನೊಂದು ತುದಿಯಲ್ಲಿ ತನ್ನ ಕಾರಿನೊಳಗೆ ತಲೆ ಹಿಡಿದು ಕುಳಿತಿರಬಹುದು. ಬಲೆಗೆ ಬೀಳದ ಹಕ್ಕಿಯು ತಿಂದ ಕಾಳು ಬೇಟೆಗಾರನದಲ್ಲ, ಬಿದ್ದ ಹಕ್ಕಿಗಳದು.

ಇದು ಅನುಮೋದನೆಯಾಗುವುದೇ? ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಲ್ಲಿ ಕರ್ಮವು ಒಳಬರುತ್ತದೆ. ಮಲಗಿದವನು ಜೂಜಾಡಲಿಲ್ಲ, ಆಡಿಸಲಿಲ್ಲ. ಅದು ನಡೆಯಲೆಂದು ಮನಸ್ಸಿನಲ್ಲಿ ಹರಸಿದನೇ? ಒಂದು ರಾತ್ರಿ ತಂಗಿದವನು ಹರಸಿರಲಾರನು. ಆದರೆ ಕ್ಯಾಸಿನೊಗಳ ಪಟ್ಟಿಯನ್ನೇ ಮುಂದಿಟ್ಟುಕೊಂಡು ಪ್ರವಾಸದ ಹಾದಿಯನ್ನು ಹೆಣೆಯುವವನು, ಮುಂದಿನ ಊರಿನಲ್ಲಿಯೂ ಒಂದು ಇದ್ದರೆ ಚೆನ್ನಾಗಿತ್ತು ಎಂದು ಅರಿಯದೆಯೇ ಹಾರೈಸುವವನಾಗುತ್ತಾನೆ. ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅನರ್ಥದಂಡದ ಸಂದರ್ಭದಲ್ಲಿ ಜೂಜನ್ನು ಖಂಡಿಸಿ, ಅದನ್ನು ದೂರದಿಂದಲೇ ಬಿಡಬೇಕೆಂದು ಬೋಧಿಸಿದ್ದಾರೆ. ಆ ದೂರವನ್ನು ಹೆಜ್ಜೆಗಳಲ್ಲಿ ಎಣಿಸಲಾಗದು. ಅಂಗಳದ ಅಂಚಿನಲ್ಲಿದ್ದೂ ದೂರದಲ್ಲಿರಬಹುದು. ಸಾವಿರ ಮೈಲಿಯಾಚೆ ಕುಳಿತು ಅದರ ಲಾಭವನ್ನು ಲೆಕ್ಕ ಹಾಕುತ್ತ ಹತ್ತಿರದಲ್ಲಿರಬಹುದು.

ಇಲ್ಲಿ ಆತುರದ ತೀರ್ಪು ಸಲ್ಲದು. ಅಮೆರಿಕದ ಅನೇಕ ಕ್ಯಾಸಿನೊಗಳು ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳಿಗೆ ಸೇರಿದವು. ಅವರ ಜೂಜುಗೃಹಗಳ ನಿವ್ವಳ ಆದಾಯವು ಬುಡಕಟ್ಟಿನ ಆಡಳಿತ, ಜನರ ಯೋಗಕ್ಷೇಮ, ಆರ್ಥಿಕ ಅಭಿವೃದ್ಧಿ, ದತ್ತಿ ಮತ್ತು ಸ್ಥಳೀಯ ಸಂಸ್ಥೆಗಳ ನೆರವು ಇವುಗಳಿಗೇ ವಿನಿಯೋಗವಾಗಬೇಕೆಂದು 1988ರ ಕೇಂದ್ರ ಶಾಸನ ವಿಧಿಸಿದೆ. ಇದರಿಂದ ಜೂಜು ಪುಣ್ಯವಾಗದು. ಆದರೆ ಆ ಅಂಗಳದ ಒಡೆಯರು ಯಾರೆಂಬುದನ್ನು ಅತಿಥಿಯು ಮರೆಯಬಾರದು. ಅದತ್ತಾದಾನವನ್ನು ಆ ಜನ ಅನುಭವಿಸಿದಷ್ಟು ಅನುಭವಿಸಿದವರು ವಿರಳ. 1868ರ ಒಪ್ಪಂದದಲ್ಲಿ ಸೂ ಬುಡಕಟ್ಟುಗಳಿಗೆ ಉಳಿಸಿಕೊಟ್ಟ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು 1877ರಲ್ಲಿ ಸರ್ಕಾರ ಕಿತ್ತುಕೊಂಡಿತು. 1980ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅದಕ್ಕಾಗಿ 10 ಕೋಟಿ ಡಾಲರುಗಳಿಗೂ ಮಿಕ್ಕ ಪರಿಹಾರ ಸಲ್ಲಬೇಕೆಂಬ ತೀರ್ಪನ್ನು ಎತ್ತಿಹಿಡಿದಾಗ ಆ ಬುಡಕಟ್ಟುಗಳು ಹಣವನ್ನು ಮುಟ್ಟಲು ನಿರಾಕರಿಸಿದವು. ತಾವು ಕೊಡದ ಭೂಮಿಯು ಬೆಲೆ ಕಟ್ಟಿದ ಮಾತ್ರಕ್ಕೆ ಕೊಟ್ಟಂತಾಗದು ಎಂಬುದೇ ಅವರ ನಿಲುವು. ಉಮಾಸ್ವಾಮಿಗಳ ಸೂತ್ರಕ್ಕೆ ಇದಕ್ಕಿಂತ ಉತ್ತಮ ಭಾಷ್ಯ ದೊರೆಯುವುದು ಕಷ್ಟ. ಹಣ ಕೊಟ್ಟರೂ ಅದತ್ತವು ಅದತ್ತವೇ. ಹಣ ಕೊಡದಿದ್ದರೂ ಅರಿತು ಕೊಟ್ಟದ್ದು ದತ್ತವೇ. ಕೊಡುವವನು ಅರಿತು ಒಪ್ಪುವುದೇ ಇಲ್ಲಿ ನಿರ್ಣಾಯಕ.

ಹಾಗೆಯೇ ಅಹಿಂಸೆಯ ಪಕ್ಷದಿಂದಲೂ ಒಂದು ಮಾತನ್ನು ಹೇಳಬೇಕು. ದಣಿದ ಕಣ್ಣುಗಳಿಂದ ಹತ್ತಾರು ಟನ್ ತೂಕದ ವಾಹನವನ್ನು ಕತ್ತಲೆಯಲ್ಲಿ ನಡೆಸುವುದು ಘೋರ ಪ್ರಮಾದ. ತನ್ನ ವ್ರತ ಕೆಡುವುದೆಂದು ಹೆದರಿ ದೀಪವಿರುವ ಅಂಗಳವನ್ನು ದಾಟಿ ಹೋಗಿ, ನಿದ್ದೆಗಣ್ಣಿನಲ್ಲಿ ಪರರ ಪ್ರಾಣಕ್ಕೆ ಎರವಾದವನು ಅಣುವ್ರತಗಳಲ್ಲಿ ಮೊದಲನೆಯದನ್ನೇ ಕಳೆದುಕೊಂಡನು. ಅವಶ್ಯಕತೆ ಇದ್ದಲ್ಲಿ ತಂಗುವುದು ವಿವೇಕ. ಮಿತವ್ಯಯದ ಹೆಸರಿನಲ್ಲಿ ಅದನ್ನೇ ಚಾಳಿ ಮಾಡಿಕೊಳ್ಳುವುದು ಲೋಭ.

ತಂಗಿದ ಮೇಲೂ ಕರ್ತವ್ಯ ಮುಗಿಯುವುದಿಲ್ಲ. ಅಚೌರ್ಯ ಮಹಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳಲ್ಲಿ ಮೊದಲ ಮೂರೂ ತಂಗುವ ಸ್ಥಳಕ್ಕೆ ಸಂಬಂಧಿಸಿದವೆಂಬುದು ಗಮನಾರ್ಹ: ಶೂನ್ಯಾಗಾರ, ವಿಮೋಚಿತಾವಾಸ ಮತ್ತು ಪರೋಪರೋಧಾಕರಣ. ಬರಿದಾದ ಎಡೆಯಲ್ಲಿ, ಪರರು ಬಿಟ್ಟ ಎಡೆಯಲ್ಲಿ ಇರಬೇಕು. ಇದ್ದಲ್ಲಿ ಇತರರಿಗೆ ತಡೆಯೊಡ್ಡಬಾರದು. ಇವು ಮುನಿಗಳಿಗೆ ಹೇಳಿದವಾದರೂ ಗೃಹಸ್ಥನು ಅವುಗಳ ಛಾಯೆಯನ್ನು ಅನುಸರಿಸಬಹುದು. ಆಶ್ಚರ್ಯವೆಂದರೆ, ಜಿನಧರ್ಮದ ಹೆಸರನ್ನೂ ಕೇಳದ ಆರ್‌ವಿ ಪ್ರವಾಸಿಗಳಲ್ಲಿ ಸಜ್ಜನರಾದವರು ತಾವಾಗಿಯೇ ಇಂತಹ ಮರ್ಯಾದೆಗಳನ್ನು ರೂಪಿಸಿಕೊಂಡಿದ್ದಾರೆ. ಅಂಗಳದ ಕೊನೆಯ ಅಂಚಿನಲ್ಲಿ ನಿಲ್ಲಿಸಬೇಕು, ಹೊರಗೆ ಕುರ್ಚಿ ಹಾಕಿ ಚಪ್ಪರ ಬಿಡಿಸಬಾರದು, ಇರುಳಿನಲ್ಲಿ ಜನರೇಟರ್ ಓಡಿಸಬಾರದು, ತೊಳೆದ ನೀರನ್ನು ನೆಲಕ್ಕೆ ಬಿಡಬಾರದು, ಬೆಳಗಾದೊಡನೆ ಹೊರಡಬೇಕು.

ಈ ಮರ್ಯಾದೆಗಳನ್ನು ಮೀರಿದಾಗ ತೊಂದರೆಗೀಡಾಗುವವರು ಕ್ಯಾಸಿನೊದವರು ಮಾತ್ರವಲ್ಲ. ಮನೆ ಬಾಡಿಗೆ ತೆರಲಾಗದೆ ವಾಹನದಲ್ಲಿಯೇ ಬದುಕುವ ಬಡವರು ಆ ದೇಶದಲ್ಲಿ ಅನೇಕರಿದ್ದಾರೆ. ಎಷ್ಟೋ ನಗರಗಳು ಬೀದಿಯಲ್ಲಿ ವಾಹನದೊಳಗೆ ಮಲಗುವುದನ್ನು ನಿಷೇಧಿಸಿವೆ. ಸಾರ್ವಜನಿಕ ಸ್ಥಳದಲ್ಲಿ ಬೀಡುಬಿಡುವವರನ್ನು ದಂಡಿಸುವುದು ಸಂವಿಧಾನಬಾಹಿರವಾದ ಕ್ರೂರ ಶಿಕ್ಷೆಯಾಗದೆಂದು 2024ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಉಳ್ಳವರು ಉಚಿತವೆಂದು ವಾರಗಟ್ಟಲೆ ಠಾಣ್ಯ ಹೂಡಿ ಕಸ ಚೆಲ್ಲಿ ಹೋದರೆ ಒಡೆಯನು ನಿಷೇಧದ ಫಲಕ ನೆಡುತ್ತಾನೆ. ಮರುದಿನ ಅಲ್ಲಿಗೆ ಬರುವ ದಿಕ್ಕಿಲ್ಲದವನಿಗೆ ಆ ಬಾಗಿಲು ಮುಚ್ಚುತ್ತದೆ. ಕಣ್ಣಿಗೆ ಕಾಣದವನಿಗೆ ಒಡ್ಡಿದ ಈ ತಡೆಯೂ ಪರೋಪರೋಧವೇ.

ಹಾಗಾದರೆ ಆ ಕಲ್ಪಿತ ದಂಪತಿ ಏನು ಮಾಡಬೇಕು? ಉತ್ತರವು ಸರಳವಾಗಿದೆ, ಆದರೆ ಎದ್ದು ಹೋಗುವಷ್ಟು ಕಷ್ಟವನ್ನು ಬೇಡುತ್ತದೆ. ಯಜಮಾನರು ಮತ್ತೆ ಕಾವಲುಗಾರನಲ್ಲಿಗೆ ಹೋಗಿ, ತಾವು ಜೂಜಾಡುವವರಲ್ಲ, ಒಳಗಿನ ಭೋಜನಶಾಲೆಗೂ ಈ ಹೊತ್ತಿನಲ್ಲಿ ಬರುವವರಲ್ಲ, ಆದರೂ ಇರಬಹುದೇ ಎಂದು ಕೇಳಬೇಕು. ಬೇಡವೆಂದರೆ ಕೃತಜ್ಞತೆ ಹೇಳಿ, ಹಣ ತೆತ್ತು ತಂಗುವ ಹತ್ತಿರದ ತಾಣಕ್ಕೆ ಹೊರಡಬೇಕು. ಇರಿ ಎಂದರೆ ಆ ಕ್ಷಣದಿಂದ ಆ ಜಾಗವು ನಿಜವಾಗಿ ದತ್ತ. ಇಂತಹ ಕ್ಯಾಸಿನೊಗಳ ಬದಿಯಲ್ಲಿ ಅವರದೇ ಪೆಟ್ರೋಲ್ ಬಂಕ್ ಇರುವುದು ಸಾಮಾನ್ಯ. ಬೆಳಿಗ್ಗೆ ಅಲ್ಲಿ ಡೀಸೆಲ್ ತುಂಬಿಸಿಕೊಂಡರೆ ಜೂಜಿನ ಸೋಂಕಿಲ್ಲದೆ ಉಪಕಾರಕ್ಕೆ ಪ್ರತ್ಯುಪಕಾರವೂ ಸಂದೀತು.

ಆ ಮಾತಿಗೆ ತಗಲುವ ಕಾಲ ಎರಡು ನಿಮಿಷ. ತಗಲಬಹುದಾದ ನಷ್ಟ ಒಂದು ರಾತ್ರಿಯ ಬಾಡಿಗೆ. ಅಷ್ಟನ್ನು ಉಳಿಸಲೆಂದೇ ಮನುಷ್ಯನು ಎಷ್ಟೋ ಸಲ ಮೌನವನ್ನು ಆಶ್ರಯಿಸುತ್ತಾನೆ. ಕ್ಯಾಸಿನೊದ ಅಂಗಳದಲ್ಲಿ ಮಾತ್ರವಲ್ಲ, ಕಚೇರಿಯಲ್ಲಿ, ಅಂಗಡಿಯಲ್ಲಿ, ಬಂಧುಗಳ ನಡುವೆಯೂ. ಕೇಳಲಿಲ್ಲ, ಹೇಳಲಿಲ್ಲ ಎಂಬ ಸಮಾಧಾನದ ಅಡಿಯಲ್ಲಿ ಎಷ್ಟು ಅದತ್ತವು ಅಡಗಿದೆಯೆಂಬುದನ್ನು ಪ್ರತಿಕ್ರಮಣದ ವೇಳೆಯಲ್ಲಿ ಪ್ರತಿಯೊಬ್ಬ ಶ್ರಾವಕನೂ ತಾನೇ ಎಣಿಸಿ ನೋಡಬೇಕು. ಎದುರಿನವನು ಕೇಳದಿದ್ದರೂ ಹೇಳಬೇಕಾದುದನ್ನು ಹೇಳಿ, ಅವನು ಅರಿತು ಕೊಟ್ಟುದನ್ನು ಮಾತ್ರ ಕೊಂಡವನಿಗೆ ಹಾಸಿಗೆ ಎಲ್ಲಿದ್ದರೂ ನಿದ್ರೆ ಬರುತ್ತದೆ.